ಬಿ ಸಿಕ್ಸಿನಲ್ಲಿ ಶೇಖರಣ್ಣ

ಕಾರ್ಕಳದಿಂದ ಹೊರಟು ಬೈಲೂರು, ಹಿರಿಯಡ್ಕ, ಪರ್ಕಳ, ಮಣಿಪಾಲ, ಉಡುಪಿ ದಾಟಿ ಕಾಪುವಿನ ಕಡಲ ಬದಿಯಲ್ಲಿ ನಿಲ್ಲುವ 'ಆಶ್ರಿತಾ' ಬಸ್ಸಿನಲ್ಲಿ ಶೇಖರ ಹತ್ತೊಂಬತ್ತು ವರ್ಷದಿಂದ ಕಂಡಕ್ಟರ್. ಅವನಿಗೊಂದು ಹೆಮ್ಮೆಯಿತ್ತು: ಡ್ಯೂಟಿಯಲ್ಲಿ ಅವನು ನೀರು ಕುಡಿಯುತ್ತಿರಲಿಲ್ಲ.

ಇದು ವ್ರತವಲ್ಲ, ಅನುಭವ. ಒಳಗೆ ಹೋದ ನೀರು ಹೊರಗೆ ಬರಲೇಬೇಕು. ಹೊರಗೆ ಬರಲು ಒಂದು ಜಾಗ ಬೇಕು. ಹಿಂದಿನ ಬಸ್ಸು ಮೂರು ನಿಮಿಷದಲ್ಲಿ ಬೆನ್ನಿಗೆ ಬಂದು ಹಾರ್ನ್ ಹೊಡೆಯುವ ಆ ದಾರಿಯಲ್ಲಿ ಜಾಗವೂ ಇರಲಿಲ್ಲ, ಟೈಮಿಂಗೂ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವನು ಗಂಭೀರವಾಗಿ ಉಪದೇಶ ಮಾಡುತ್ತಿದ್ದ: "ನೀರಿನ ಬಾಟ್ಲಿ ಹಿಡಿದುಕೊಂಡು ಬರುವವ ಪ್ಯಾಸೆಂಜರ್ ಮಾರಾಯ. ಕಂಡಕ್ಟರ್ ಅಲ್ಲ."

ಎರಡು ಸಾವಿರದ ಒಂದನೇ ಇಸವಿಯ ಮಾರ್ಚಿನಲ್ಲಿ ಒಂದು ಮಧ್ಯಾಹ್ನ, ಬಸ್ಸು ಹಿರಿಯಡ್ಕ ಬಿಟ್ಟ ಸ್ವಲ್ಪ ಹೊತ್ತಿಗೆ, ಈ ಉಪದೇಶಕ ಒಬ್ಬ ಅಜ್ಜಿಗೆ ಟಿಕೆಟ್ ಕೊಡುತ್ತಿದ್ದವನು ಟಿಕೆಟ್ ಪುಸ್ತಕ ಸಮೇತ ಅಜ್ಜಿಯ ಮಡಿಲಿಗೇ ಬಿದ್ದ. ಎಡಬದಿಯ ಸೊಂಟದಿಂದ ಹೊಟ್ಟೆಯ ಕಡೆಗೆ ಯಾರೋ ಸ್ಕ್ರೂಡ್ರೈವರ್ ಹಾಕಿ ತಿರುಗಿಸುತ್ತಿದ್ದಾರೆ ಎಂದು ಕೂಗಿದ. ಅಜ್ಜಿ ತನ್ನ ಕೊಡೆ ತಾಗಿತೋ ಎಂದು ಕೊಡೆಯನ್ನು ಪರೀಕ್ಷಿಸಿದಳು. ಡ್ರೈವರ್ ಅಂಗಾರ ಪರ್ಕಳದಲ್ಲಿ ಇಳಿಯುವವರನ್ನೂ ಇಳಿಸದೆ ಬಸ್ಸನ್ನು ನೇರ ಮಣಿಪಾಲದ ಒಂದು ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದ.

ಮೂತ್ರಕೋಶಕ್ಕೆ ಹೋಗುವ ನಾಳದಲ್ಲಿ ನಾಲ್ಕು ಮಿಲಿಮೀಟರಿನ ಒಂದು ಕಲ್ಲು ಸಿಕ್ಕಿಕೊಂಡಿತ್ತು. ಇಂಜೆಕ್ಷನ್ ಕೊಟ್ಟರು, ನೀರು ಕುಡಿಸಿದರು. ಹತ್ತೊಂಬತ್ತು ವರ್ಷದ ಬಾಕಿಯನ್ನೆಲ್ಲ ಶೇಖರ ಎರಡು ದಿನದಲ್ಲಿ ಕುಡಿದ. ಮೂರನೆಯ ದಿನ ಕಲ್ಲು ತಾನಾಗಿಯೇ ಇಳಿದು ಹೋಯಿತು. "ಆದರೆ ಇದು ಮತ್ತೆ ಬರುವ ಜಾತಿಯಾ ಎಂದು ನೋಡಬೇಕು" ಎಂದು ಡಾಕ್ಟರು ಒಂದು ದೊಡ್ಡ ಕ್ಯಾನು ಕೊಟ್ಟು, ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಪೂರ್ತಿ ಅದರಲ್ಲಿ ಹಿಡಿದು ತರಲು ಹೇಳಿದರು.

ಶೇಖರ ಆ ಕ್ಯಾನನ್ನು ಕಾಪುವಿನ ಮನೆಯಿಂದ ತನ್ನದೇ ಬಸ್ಸಿನಲ್ಲಿ, ಕಾಲುಗಳ ನಡುವೆ ಭದ್ರವಾಗಿ ಹಿಡಿದುಕೊಂಡು ಮಣಿಪಾಲಕ್ಕೆ ತಂದ. ಕಟಪಾಡಿಯಲ್ಲಿ ಹತ್ತಿದ ಪರಿಚಯದವರೊಬ್ಬರು ಬಗ್ಗಿ ನೋಡಿ, "ಎಂತ ಶೇಖರಣ್ಣ, ಜೇನಾ?" ಎಂದರು.

"ಮನೆಯದ್ದು" ಎಂದ ಶೇಖರ, ಗೌರವ ಬಿಡದೆ.

"ಹಾಗಾದರೆ ಅಸಲಿ. ನನಗೊಂದು ಅರ್ಧ ಲೀಟರ್ ತೆಗೆದಿಡಿ."

ವಾರ ಕಳೆದು ರಿಪೋರ್ಟ್ ಬಂತು. ಡಾಕ್ಟರು ಎಳೆ ಪ್ರಾಯದವರು, ಬೇರೆ ಊರಿನವರು. ಕನ್ನಡವನ್ನು ಒಂದೊಂದೇ ಮೆಟ್ಟಿಲು ಇಳಿಯುವವರ ಹಾಗೆ ಮಾತಾಡುತ್ತಿದ್ದರು. "ನಿಮ್ಮ ಮೂತ್ರದಲ್ಲಿ ಆಕ್ಸಲೇಟ್ ಎಂಬ ಪದಾರ್ಥ ಜಾಸ್ತಿ. ಅದರಿಂದ ಕಲ್ಲು ಆಗುತ್ತದೆ. ನಿಮಗೆ ಬಿ ಸಿಕ್ಸ್ ಕೊಡುತ್ತೇನೆ. ಮೂರು ತಿಂಗಳು. ನೀರು, ದಿನಕ್ಕೆ ಮೂರು ಲೀಟರ್. ಬಸಳೆ, ಹರಿವೆ ಕಡಿಮೆ. ಮೂರು ತಿಂಗಳ ಮೇಲೆ ಪುನಃ ಕ್ಯಾನು. ಅರ್ಥ ಆಯಿತಾ?"

"ಯೆಸ್, ಯೆಸ್" ಎಂದ ಶೇಖರ. ಬಸ್ಸಿನಲ್ಲಿ ಕಾಲೇಜಿನ ಮಕ್ಕಳೊಂದಿಗೆ ಬಳಸಿ ಬಳಸಿ ಅವನಿಗೆ ಆ ಇಂಗ್ಲಿಷ್ ಸರಾಗವಾಗಿತ್ತು.

ಮದ್ದಿನ ಅಂಗಡಿಯಲ್ಲಿ ಮಾತ್ರೆ ತೆಗೆದುಕೊಂಡು, ಹೆಂಡತಿ ಗುಣವತಿಗೆ ಸಂತೋಷದ ಸುದ್ದಿ ತಿಳಿಸಲೆಂದು ಎದುರಿನ ಅಂಗಡಿಯ ನಾಣ್ಯದ ಫೋನಿಗೆ ಹೋದ. ಅವರ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಮನೆಯ ಕಾನ್ಸೆಪ್ಟಾ ಬಾಯಿಯವರಲ್ಲಿತ್ತು. ಎಪ್ಪತ್ತು ದಾಟಿದ ಕಾನ್ಸೆಪ್ಟಾ ಬಾಯಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಕೇಳಿದ್ದು ಪೂರ್ತಿಯಾಗುವವರೆಗೆ ಕಾಯುವ ತಾಳ್ಮೆ ಮಾತ್ರ ಇರಲಿಲ್ಲ.

"ಬಾಯಮ್ಮ, ಗುಣವತಿಗೆ ಹೇಳಿ. ಡಾಕ್ಟರು ನನಗೆ ಬಿ ಸಿಕ್ಸ್ ಹಾಕಿದ್ದಾರೆ."

"ಎಲ್ಲಿಗೆ ಹಾಕಿದ್ದು?"

"ಬಿ ಸಿಕ್ಸ್! ಮೂರು ತಿಂಗಳು!"

"ಜೆಜು ಸಾಯ್ಬಾ! ಮೂರು ತಿಂಗಳಾ?"

"ಹೌದು. ಹೆದರಲಿಕ್ಕೆ ಎಂತದೂ ಇಲ್ಲ ಅಂತ ಹೇಳಿ. ನಾನೀಗ—" ಎನ್ನುವಷ್ಟರಲ್ಲಿ ನಾಣ್ಯದ ಅವಧಿ ಮುಗಿದು ಫೋನು ಕಟ್ಟಾಯಿತು. 'ನಾನೀಗ ಕಾರ್ಕಳಕ್ಕೆ ಹೋಗಿ ಬಸ್ಸಿನ ಧಣಿಗಳಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟು ಬರುತ್ತೇನೆ' ಎನ್ನುವುದು ಉಳಿದ ಭಾಗ. ಅವನು ಇನ್ನೊಂದು ನಾಣ್ಯ ಹುಡುಕುವ ಗೋಜಿಗೆ ಹೋಗದೆ ಕಾರ್ಕಳದ ಬಸ್ಸು ಹತ್ತಿದ.

ಇತ್ತ ಕಾನ್ಸೆಪ್ಟಾ ಬಾಯಿ ಅಂಗಳ ದಾಟುವಷ್ಟರಲ್ಲಿ ಸುದ್ದಿ ಬಲಿತಿತ್ತು.

"ಗುಣವತೀ! ನಿನ್ನ ಗಂಡನನ್ನು ಬಿ ಸಿಕ್ಸ್ ವಾರ್ಡಿಗೆ ಹಾಕಿದ್ದಾರೆ. ಮೂರು ತಿಂಗಳು ಬಿಡುವುದಿಲ್ಲವಂತೆ. ಹೆದರಬೇಡ ಅಂತ ಹೇಳಿದ. ಅಷ್ಟರಲ್ಲಿ ಸ್ವರ ನಿಂತಿತು."

"ಸ್ವರ ನಿಂತಿತಾ?" ಗುಣವತಿ ಅಲ್ಲೇ ಕುಸಿದಳು.

"ಅಳುವುದು ಆಮೇಲೆ. ಮೊದಲು ಗಂಜಿ ಕಟ್ಟು."

ಗುಣವತಿ ಗಂಜಿ, ಹುರುಳಿ ಸಾರು, ಬಾಳೆದಿಂಡಿನ ರಸ, ಎರಡು ಪಂಚೆ, ಒಂದು ದಿಂಬು ಕಟ್ಟಿಕೊಂಡಳು. ಕಾನ್ಸೆಪ್ಟಾ ಬಾಯಿ ಕಪಾಟಿನಿಂದ ಒಂದು ದೊಡ್ಡ ಬಾಟ್ಲಿ ತೆಗೆದರು. ಅವರ ಮಗಳು ಲೊರ್ನಾ ಕುವೈತಿನಿಂದ ತಂದಿದ್ದ, ನೀರಿಗೆ ಹಾಕಿದರೆ ನೊರೆ ಬರುವ ವಿಟಮಿನ್ ಸಿ. ಸಾವಿರ ಮಿಲಿಗ್ರಾಮಿನದು. "ಇಲ್ಲಿಯ ಮದ್ದಿಗೆ ಶಕ್ತಿ ಸಾಲದಿದ್ದರೆ ಇದು ಉಂಟು" ಎಂದು ಚೀಲಕ್ಕೆ ಹಾಕಿಕೊಂಡರು.

ಎರಡೂವರೆಯ 'ಆಶ್ರಿತಾ' ಹತ್ತಿದ ಕೂಡಲೇ ಡ್ರೈವರ್ ಅಂಗಾರನಿಗೆ ವಿಷಯ ತಿಳಿಯಿತು. ಉದ್ಯಾವರಕ್ಕೆ ಬರುವಾಗ ಇಡೀ ಬಸ್ಸಿಗೆ ತಿಳಿಯಿತು. ಉಡುಪಿಯಲ್ಲಿ ಹತ್ತಿದವರಿಗೆ ಟಿಕೆಟಿಗಿಂತ ಮೊದಲು ಸುದ್ದಿ ಸಿಕ್ಕಿತು. ಮಣಿಪಾಲದಲ್ಲಿ ಅಂಗಾರ ಬಸ್ಸನ್ನು ಬದಿಗೆ ಹಾಕಿ, ಎಂಜಿನ್ ಬಂದ್ ಮಾಡಿ, ಎದ್ದು ನಿಂತು ಹೇಳಿದ: "ಕಾರ್ಕಳಕ್ಕೆ ಅರ್ಜೆಂಟ್ ಇರುವವರು ಹಿಂದಿನ ಬಸ್ಸಿಗೆ ಹೋಗಿ. ನಾನು ಶೇಖರಣ್ಣನ ಮುಖ ನೋಡದೆ ಗೇರ್ ಹಾಕುವುದಿಲ್ಲ."

ಅರ್ಜೆಂಟ್ ಯಾರಿಗೂ ಇರಲಿಲ್ಲ. ಹದಿನಾಲ್ಕು ಮಂದಿ ಆಸ್ಪತ್ರೆಯ ಕಡೆಗೆ ನಡೆದರು.

ವಾರ್ಡುಗಳ ಬಾಗಿಲಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ. "ಒಬ್ಬ ರೋಗಿಗೆ ಇಬ್ಬರು. ಮನೆಯವರು ಮಾತ್ರ."

"ನಾನು ಹೆಂಡತಿ" ಎಂದಳು ಗುಣವತಿ.

"ನಾನು ತಾಯಿ" ಎಂದರು ಕಾನ್ಸೆಪ್ಟಾ ಬಾಯಿ, ಕುತ್ತಿಗೆಯ ಶಿಲುಬೆ ಸರಿಪಡಿಸಿಕೊಳ್ಳುತ್ತ.

"ನಾನು ತಮ್ಮ" ಎಂದ ಅಂಗಾರ. ಅವನ ಹಿಂದಿನವರು ಸೋದರಮಾವ, ಚಿಕ್ಕಮ್ಮ, ಭಾವ, ಅತ್ತಿಗೆ ಎಂದು ಸಿಕ್ಕಿದ ಸಂಬಂಧ ಹಿಡಿದುಕೊಂಡರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಬೇರೆ ಏನೂ ಉಳಿಯದೆ ತಾವು ಬೀಗರೆಂದರು.

ವಾಚ್‌ಮನ್ ಒಬ್ಬೊಬ್ಬರ ಮುಖ ನೋಡಿದ. "ನೀವೆಲ್ಲ ಒಂದೇ ಮನೆಯವರಾ?"

"ಒಂದೇ ಬಸ್ಸಿನವರು" ಎಂದರು ಬೀಗರು, ಸತ್ಯ ಬಾಯಿತಪ್ಪಿ. ಈ ಮಾತಿನ ಅರ್ಥ ವಾಚ್‌ಮನ್ನಿಗೆ ಆಗುವಷ್ಟರಲ್ಲಿ ಮೆರವಣಿಗೆ ಒಳಗೆ ಸೇರಿತ್ತು.

ಬಿ ಸಿಕ್ಸ್ ಎಂಬ ವಾರ್ಡು ನಿಜವಾಗಿಯೂ ಇತ್ತು. ಮೂಲೆಯ ಮಂಚದಲ್ಲಿ ಒಬ್ಬ ರೋಗಿ ತಲೆಯವರೆಗೆ ಹೊದ್ದು ಮಲಗಿದ್ದ. ಅವರನ್ನು ಕಂಡದ್ದೇ ನರ್ಸ್ ಸೆಲೀನ್ ಸಿಸ್ಟರ್ ಎದ್ದು ಬಂದರು. "ಕಿಡ್ನಿ ಕಲ್ಲಿನ ರೋಗಿಯ ಕಡೆಯವರಾ? ಅಂತೂ ಬಂದಿರಲ್ಲ! ನಾಳೆ ಬೆಳಿಗ್ಗೆ ಆಪರೇಷನ್. ಕಲ್ಲು ದೊಡ್ಡದುಂಟು. ಎರಡು ಬಾಟ್ಲಿ ರಕ್ತಕ್ಕೆ ಜನ ಬೇಕು ಅಂತ ನಿನ್ನೆಯಿಂದ ಹೇಳುತ್ತಿದ್ದೇನೆ. ಜನ ಸಿಗದಿದ್ದರೆ ಆಪರೇಷನ್ ಮುಂದೆ ಹೋಗುತ್ತದೆ, ಇವರ ಕಿಡ್ನಿ ಕಾಯುವುದಿಲ್ಲ."

"ಎರಡು ಯಾಕೆ ಸಿಸ್ಟರ್, ಹತ್ತು ತೆಗೆಯಿರಿ!" ಅಂಗಾರ ಅಂಗಿಯ ತೋಳು ಏರಿಸಿದ. ಅವನೂ ಇನ್ನು ನಾಲ್ವರೂ ರಕ್ತನಿಧಿಯ ಕಡೆಗೆ ಓಡಿದರು. ಕಾನ್ಸೆಪ್ಟಾ ಬಾಯಿಯೂ ಹೊರಟರು. ಪ್ರಾಯವಾದವರದ್ದು ತೆಗೆಯುವುದಿಲ್ಲ ಎಂದು ಸಿಸ್ಟರ್ ತಡೆದಾಗ, "ಹಳೆಯದಾದರೆ ಎಂತ, ಒಳ್ಳೆಯ ಮಾಲು" ಎಂದು ಬಹಳ ಹೊತ್ತು ಜಗಳವಾಡಿ ಮಂಚದ ಬಳಿಯೇ ಉಳಿದರು.

ಗುಣವತಿ ಮಂಚದ ಬುಡದಲ್ಲಿ ಕುಳಿತು ಗಂಡನ ಪಾದ ಹಿಡಿದು ಅಳತೊಡಗಿದಳು. ಅಳುತ್ತ ಅಳುತ್ತ ಅವಳಿಗೊಂದು ಸಂಶಯ ಬಂತು. ಶೇಖರ ಗಿಡ್ಡ ಆಳು. ಈ ಪಾದಗಳು ಮಂಚ ದಾಟಿ ಹೊರಗೆ ಬಂದಿದ್ದವು.

"ಬಾಯಮ್ಮ, ಇವರು ಉದ್ದ ಆಗಿದ್ದಾರೆ."

"ಮಲಗಿದರೆ ಎಲ್ಲರೂ ಉದ್ದ ಕಾಣುತ್ತಾರೆ, ಮಾರಾಯ್ತಿ."

ಅಷ್ಟರಲ್ಲಿ ಹೊದಿಕೆ ಜಾರಿತು. ಒಳಗಿಂದ ಎರಡು ಕಡೆಗೂ ತಿರುವಿದ ದಪ್ಪ ಮೀಸೆಯೊಂದು ಕಾಣಿಸಿತು.

"ಬೆಳಿಗ್ಗೆ ಕ್ಷೌರ ಮಾಡಿ ಹೋದವರು!" ಎಂದು ಗುಣವತಿ ಕಿರುಚಿದಳು.

ಆ ಕಿರುಚಾಟಕ್ಕೆ ರೋಗಿ ಕಣ್ಣು ಬಿಟ್ಟ. ಸುತ್ತ ಎಂಟೊಂಬತ್ತು ಮಂದಿ ಅಪರಿಚಿತರು, ಎಲ್ಲರ ಕಣ್ಣಲ್ಲೂ ನೀರು, ತಲೆಯ ಹತ್ತಿರ ಜಪಮಾಲೆ ಹಿಡಿದ ಒಬ್ಬ ಮುದುಕಿ. ಅವನು ಧಡಕ್ಕನೆ ಎದ್ದು ಕೂತ. "ಯವ್ವಾ! ನಾ ಇನ್ನಾ ಸತ್ತಿಲ್ರೀ! ಅಳಬ್ಯಾಡ್ರೀ!"

ಅವನ ಹೆಸರು ಸಿದ್ದಣ್ಣ. ಬಾದಾಮಿ ಕಡೆಯವನು. ಮಣಿಪಾಲದಲ್ಲಿ ಏಳು ಮಹಡಿಯ ಕಟ್ಟಡವೊಂದರಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಬಿಸಿಲಿನಲ್ಲಿ ಮೇಲೆ ಹತ್ತಿದರೆ ಸಂಜೆಯವರೆಗೆ ಇಳಿಯುವಂತಿರಲಿಲ್ಲ, ನೀರು ಕೆಳಗಿತ್ತು. ಹೀಗೆ ಅವನ ಕಿಡ್ನಿಯಲ್ಲಿ ಹುಣಸೆ ಬೀಜಕ್ಕಿಂತ ದೊಡ್ಡ ಕಲ್ಲು ಕೂತಿತ್ತು. ಇದು ಎರಡನೆಯ ಸಲ.

"ಹಾಗಾದರೆ ನನ್ನ ಗಂಡ ಎಲ್ಲಿ?" ಎಂದಳು ಗುಣವತಿ.

ಸೆಲೀನ್ ಸಿಸ್ಟರ್ ದಾಖಲೆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಶೇಖರ ಎಂಬವನು ಆ ವಾರ್ಡಿನಲ್ಲಿ ಇರಲಿಲ್ಲ. "ಇವತ್ತು ಆ ಹೆಸರಿನವರು ಇಲ್ಲಿ ದಾಖಲಾಗಲೇ ಇಲ್ಲ" ಎಂದರು. ದಾಖಲಾಗದೆಯೇ ಮನುಷ್ಯ ಕಾಣೆಯಾದದ್ದು ಇನ್ನೂ ಭಯಂಕರ ಎಂದು ಬೀಗರು ಅಭಿಪ್ರಾಯಪಟ್ಟರು. ಗುಣವತಿಯ ಅಳು ಹೊಸದಾಗಿ ಶುರುವಾಯಿತು. ನಾಳೆ ಆಪರೇಷನ್ ಇರುವ ಸಿದ್ದಣ್ಣ ಮಂಚದಿಂದ ಇಳಿದು ಅವಳನ್ನು ಅದೇ ಮಂಚದ ಮೇಲೆ ಕೂರಿಸಿ, "ಸಿಗ್ತಾರ ತಂಗಿ, ಎಲ್ಲಿ ಹೋಗ್ತಾರ" ಎಂದು ಸಮಾಧಾನ ಹೇಳಿದ.

ಅಷ್ಟರಲ್ಲಿ ಅಂಗಾರ ತೋಳಿನಲ್ಲಿ ಹತ್ತಿ ಅಂಟಿಸಿಕೊಂಡು ಬಂದ. "ಕೊಟ್ಟಾಯಿತು! ಐದು ಬಾಟ್ಲಿ! ಎಲ್ಲಿ ಶೇಖರಣ್ಣ?"

ಅಂಗಾರ ಮೀಸೆಯನ್ನು ನೋಡಿದ. ತೋಳಿನ ಹತ್ತಿಯನ್ನು ನೋಡಿಕೊಂಡ. "ಇದು ಯಾರು?"

"ನೀನು ರಕ್ತ ಕೊಟ್ಟದ್ದು ಇವರಿಗೆ" ಎಂದರು ಕಾನ್ಸೆಪ್ಟಾ ಬಾಯಿ.

ಆಗಲೇ ಸಿದ್ದಣ್ಣನ ಹೆಂಡತಿ ಹನುಮವ್ವ ಬಾಗಿಲಲ್ಲಿ ಬಂದು ನಿಂತದ್ದು. ಬೆಳಗಿನಿಂದ ಆಕೆ ಕೆಲಸದ ಜಾಗಗಳನ್ನೆಲ್ಲ ತಿರುಗಿದ್ದಳು. ಊರಿನವರು ಹಬ್ಬಕ್ಕೆ ಹೋಗಿದ್ದರು. ಬಂದ ಇಬ್ಬರಲ್ಲಿ ಒಬ್ಬನಿಗೆ ಜ್ವರ, ಇನ್ನೊಬ್ಬನ ಮೈಯಲ್ಲಿ ಅವನಿಗೇ ಸಾಲುವಷ್ಟು ರಕ್ತವಿರಲಿಲ್ಲ. ತಾನೇ ಕೊಡುತ್ತೇನೆಂದರೆ ತೂಕ ಕಡಿಮೆ ಎಂದು ಕಳಿಸಿದ್ದರು. ಈಗ ಸೆಲೀನ್ ಸಿಸ್ಟರ್, "ರಕ್ತ ಆಯಿತು ಹನುಮವ್ವ. ಇವರು ಕೊಟ್ಟರು" ಎಂದಾಗ ಆಕೆ ಕೈಚೀಲ ಅಲ್ಲೇ ಬಿಟ್ಟಳು.

"ನೀವು ಯಾರೋ, ನಾವು ಯಾರೋ. ಯಾವ ಊರಿನ ದೇವ್ರು ಕಳಿಸ್ಯಾನ್ರೀ ನಿಮ್ಮನ್ನ?" ಎಂದು ಅಂಗಾರನ ಕಾಲಿಗೆ ಬಗ್ಗಿದಳು.

ಅಂಗಾರನ ಬಾಯಲ್ಲಿ ಬೇರೆ ಒಂದು ಮಾತು ತಯಾರಾಗಿತ್ತು. ಅದನ್ನು ನುಂಗಿ, "ದೇವರಲ್ಲ ಅಕ್ಕ. ಟೆಲಿಫೋನು" ಎಂದ.

ಈ ಹೊತ್ತಿಗೆ ಶೇಖರ ಎಲ್ಲಿದ್ದ? ಧಣಿಗಳಿಗೆ ಸರ್ಟಿಫಿಕೇಟ್ ಕೊಟ್ಟು, ಕಾರ್ಕಳದಿಂದ ಹಿಂದಿರುಗುವ ಬಸ್ಸಿನಲ್ಲಿ ಹಿರಿಯಡ್ಕಕ್ಕೆ ಬಂದಿದ್ದ. ಎದುರಿನಿಂದ ಬಂದ ಬಸ್ಸಿನ ಕಂಡಕ್ಟರ್ ಕಿಟಕಿಯಿಂದಲೇ ಕೂಗಿದ: "ಶೇಖರಣ್ಣ, ನೀವು ಇಲ್ಲಿ ಎಂತ ಮಾಡುವುದು? ನಿಮ್ಮ ಮನೆಯವರು ಬಿ ಸಿಕ್ಸ್ ವಾರ್ಡಿನಲ್ಲಿ ಇದ್ದಾರಂತೆ! ಅಂಗಾರ ಬಸ್ಸು ಬಿಟ್ಟು ರಕ್ತ ಕೊಡಲಿಕ್ಕೆ ಹೋಗಿದ್ದಾನೆ!" ಬಸ್ಸುಗಳು ಎರಡು ಕಡೆಗೆ ಹೋದವು.

ಶೇಖರ ಆ ಬಸ್ಸಿನ ಡ್ರೈವರನ ಹಿಂದೆ ನಿಂತು, ಪರ್ಕಳದಲ್ಲಿ ನಿಲ್ಲಿಸಬೇಡ ಎಂದು ಕೈಮುಗಿದು ಬೇಡಿದ. ವಾರ್ಡುಗಳ ಬಾಗಿಲಲ್ಲಿ ವಾಚ್‌ಮನ್ "ನೀವು ರೋಗಿಗೆ ಎಂತ ಆಗಬೇಕು?" ಎಂದು ಸೋತ ದನಿಯಲ್ಲಿ ಕೇಳಿದಾಗ "ಗಂಡ!" ಎಂದ. ಈ ರೋಗಿಗೆ ಹೆಂಡತಿಯೂ ಗಂಡನೂ ಇರುವುದು ಹೇಗೆ ಎಂದು ವಾಚ್‌ಮನ್ ಯೋಚಿಸುತ್ತ ಕುಳಿತ.

ಶೇಖರ ವಾರ್ಡಿಗೆ ನುಗ್ಗಿದಾಗ ಕಂಡದ್ದು ಮಂಚದ ಮೇಲೆ ಕುಳಿತ ಗುಣವತಿ. "ಗುಣವತೀ, ಎಂತ ಆಯಿತು ನಿನಗೆ?" ಎಂದು ಗೋಳೋ ಎಂದ. "ನಿಮಗೆ ಎಂತ ಆಯಿತು?" ಎಂದು ಅವಳೂ ಗೋಳೋ ಎಂದಳು. ಇಬ್ಬರೂ ಹೀಗೆ ಸ್ವಲ್ಪ ಹೊತ್ತು ಒಬ್ಬರ ಕಾಯಿಲೆ ಒಬ್ಬರು ವಿಚಾರಿಸಿದರು. ಕಾಯಿಲೆ ಯಾರಲ್ಲೂ ಸಿಗದಿದ್ದಾಗ ಶೇಖರ ಜೇಬಿನಿಂದ ಮಾತ್ರೆಯ ಹಾಳೆ ತೆಗೆದು ತೋರಿಸಿದ.

"ಬಿ ಸಿಕ್ಸ್ ಅಂದರೆ ಇದು. ವಿಟಮಿನ್ ಬಿ ಸಿಕ್ಸ್. ಮೂರು ತಿಂಗಳು ನುಂಗಲಿಕ್ಕೆ."

ಎಲ್ಲರೂ ಕಾನ್ಸೆಪ್ಟಾ ಬಾಯಿಯ ಕಡೆ ತಿರುಗಿದರು.

"ನನ್ನನ್ನು ಎಂತ ನೋಡುವುದು? ವಿಟಮಿನ್ ಅಂತ ಅವನು ಹೇಳಲೇ ಇಲ್ಲ. ಅಡ್ರೆಸ್ಸು ಹೇಳಿದ ಹಾಗೆ ಹೇಳಿದ."

"ನನ್ನದೇ ತಪ್ಪು" ಎಂದ ಶೇಖರ. ಐದು ತೋಳುಗಳಲ್ಲಿದ್ದ ಐದು ಹತ್ತಿಯ ಉಂಡೆಗಳನ್ನು ನೋಡಿ ಅವನ ಸ್ವರ ಇಳಿಯಿತು. "ಇದೆಲ್ಲ ನನಗಾಗಿಯಾ?"

"ನಿಮಗೇ. ಈಗ ಅವರಿಗೆ" ಎಂದ ಅಂಗಾರ. "ನೀವು ಆರೋಗ್ಯವಾಗಿ ಇದ್ದೀರಿ ಅಂತ ಬೇಸರ ಎಂತದೂ ಇಲ್ಲ. ಆದರೆ ಇನ್ನು ಮೇಲೆ ಫೋನು ಮಾಡುವಾಗ ಎರಡು ನಾಣ್ಯ ಹಾಕಿ ಮಾರಾಯ್ರೆ."

ಅಷ್ಟರಲ್ಲಿ ರೌಂಡ್ಸಿಗೆಂದು ಅದೇ ಡಾಕ್ಟರು ಬಂದರು. ತಂದ ಪದಾರ್ಥ ಹಾಳಾಗಬಾರದೆಂದು ಕಾನ್ಸೆಪ್ಟಾ ಬಾಯಿ ಆ ಹೊತ್ತಿಗೆ ಕುವೈತಿನ ಮಾತ್ರೆ ಎರಡನ್ನು ಲೋಟಕ್ಕೆ ಹಾಕಿ, ನೊರೆಯೆಬ್ಬಿಸಿ, ಸಿದ್ದಣ್ಣನ ಬಾಯಿಯ ಹತ್ತಿರ ಹಿಡಿದಿದ್ದರು. ಡಾಕ್ಟರು ಒಂದೇ ಹೆಜ್ಜೆಗೆ ಬಂದು ಲೋಟ ಕಸಿದುಕೊಂಡರು.

"ಇದು ಏನು?"

"ವಿಟಮಿನ್. ನೀವು ಕೊಟ್ಟದ್ದೂ ವಿಟಮಿನ್, ಇದೂ ವಿಟಮಿನ್. ಇದು ಫಾರಿನ್."

"ಅಮ್ಮ, ಇದು ಸಿ. ಇಷ್ಟು ದೊಡ್ಡ ಪ್ರಮಾಣದಲ್ಲಿ ದಿನಾ ತೆಗೆದುಕೊಂಡರೆ ಮೈಯಲ್ಲಿ ಅದೇ ಆಕ್ಸಲೇಟ್ ಆಗುತ್ತದೆ. ಕಲ್ಲು ಬರುವವರಿಗೆ ಇದು ಕಲ್ಲಿಗೆ ಗೊಬ್ಬರ ಹಾಕಿದ ಹಾಗೆ. ಬಿ ಸಿಕ್ಸ್ ಬೇರೆ. ಕೆಲವರಲ್ಲಿ ಅದು ಆಕ್ಸಲೇಟ್ ಕಡಿಮೆ ಮಾಡುತ್ತದೆ. ಅದೂ ಎಲ್ಲರಿಗೂ ಅಲ್ಲ. ಜಾಸ್ತಿ ನುಂಗಿದರೆ ನರಕ್ಕೆ ತೊಂದರೆ. ಪರೀಕ್ಷೆ ಮಾಡಿ, ಅಳತೆ ನೋಡಿ ಕೊಡಬೇಕು."

ಕಾನ್ಸೆಪ್ಟಾ ಬಾಯಿಯ ಮುಖ ಸಣ್ಣದಾಯಿತು. ಒಂದೇ ದಿನದಲ್ಲಿ ಎರಡು ಅಕ್ಷರಗಳು ಅವರನ್ನು ಸೋಲಿಸಿದ್ದವು. "ಲೊರ್ನಾಳಿಗೂ ಹೇಳಬೇಕು. ಅವಳು ದಿನಾ ನುಂಗುತ್ತಾಳೆ" ಎಂದಷ್ಟೇ ಹೇಳಿ ಬಾಟ್ಲಿಯನ್ನು ಚೀಲಕ್ಕೆ ಹಾಕಿಕೊಂಡರು.

ಶೇಖರ ಡಾಕ್ಟರ ಹಿಂದೆಯೇ ಹೋದ. "ಸಾರ್, ಇವರಿಗೂ ಆ ಕ್ಯಾನಿನ ಪರೀಕ್ಷೆ ಮಾಡಿಸುತ್ತೀರಾ? ಎರಡನೇ ಸಲ ಅಂತೆ. ಮೂರನೆಯದ್ದು ಬರಬಾರದು."

ಡಾಕ್ಟರು ಅವನನ್ನು ನೋಡಿ ಮೊದಲ ಬಾರಿಗೆ ನಕ್ಕರು. "ಆಪರೇಷನ್ ಆಗಲಿ. ಮಾಡಿಸೋಣ."

ಆಪರೇಷನ್ ಸಲೀಸಾಗಿ ಆಯಿತು. ಎರಡು ವಾರ ಕಾಪುವಿನಿಂದ ಎರಡೂವರೆಯ ಬಸ್ಸಿನಲ್ಲಿ ಗುಣವತಿಯ ಗಂಜಿ ಬಿ ಸಿಕ್ಸಿಗೆ ತಪ್ಪದೆ ಹೋಯಿತು. ವಾಚ್‌ಮನ್ ಸಂಬಂಧ ಕೇಳುವುದನ್ನು ಬಿಟ್ಟಿದ್ದ. ಸಿದ್ದಣ್ಣನ ಪರೀಕ್ಷೆಯಲ್ಲೂ ಆಕ್ಸಲೇಟ್ ಹೆಚ್ಚಿದ್ದು ಕಂಡು, ಅವನಿಗೂ ಬಿ ಸಿಕ್ಸ್ ಮಾತ್ರೆ ಬಂತು. ಜುಲೈಯಲ್ಲಿ ಶೇಖರನ ಎರಡನೆಯ ಕ್ಯಾನಿನ ರಿಪೋರ್ಟು ನೋಡಿ ಡಾಕ್ಟರು, "ಅರ್ಧಕ್ಕಿಂತ ಕಡಿಮೆಯಾಗಿದೆ. ಒಳ್ಳೆಯದು" ಎಂದರು. ಶೇಖರ ಆ ಕಾಗದವನ್ನು ಪ್ಲಾಸ್ಟಿಕ್ ಹಾಕಿಸಿ ಬಸ್ಸಿನಲ್ಲಿ ಕೇಳಿದವರಿಗೂ ಕೇಳದವರಿಗೂ ತೋರಿಸಿದ.

ಮಳೆಗಾಲ ಮುಗಿಯುವಾಗ ಸಿದ್ದಣ್ಣ, ಹನುಮವ್ವ ಕಾಪುವಿಗೆ ಬಂದರು.

"ನಿಮ್ಮವರ ರಕ್ತ ನನ್ನ ಮೈಯಾಗ ಓಡ್ಯಾಡ್ತೈತ್ರಿ" ಎಂದ ಸಿದ್ದಣ್ಣ. "ನಮ್ಮ ಕೈಲಿ ಆಗೂದು ಗಾರೆ ಕೆಲಸ. ಏನು ಕಟ್ಟಿಕೊಡ್ಲಿ, ಹೇಳ್ರಿ. ಬ್ಯಾಡ ಅನಬ್ಯಾಡ್ರಿ."

ಶೇಖರ ಬೇಡ ಎನ್ನಲೆಂದೇ ಬಾಯಿ ತೆರೆದ. ಆದರೆ ಅವನು ಆಗಷ್ಟೇ ಬಸ್ಸಿನಿಂದ ಇಳಿದಿದ್ದ. ಬೆಳಗಿನಿಂದ ಡಾಕ್ಟರ ಅಪ್ಪಣೆಯಂತೆ ಎರಡು ಲೀಟರ್ ನೀರು ಕುಡಿದಿದ್ದ. ಉಡುಪಿಯಿಂದ ಕಾಪುವಿನವರೆಗೆ ಒಂದೇ ಕಾಲಿನಲ್ಲಿ ನಿಂತು ಬಂದಿದ್ದ. ಇಂಥ ಸ್ಥಿತಿಯಲ್ಲಿ ಮನುಷ್ಯನ ಬಾಯಿಂದ ಉಪಚಾರದ ಮಾತು ಬರುವುದಿಲ್ಲ.

"ಒಂದಕ್ಕೆ ಹೋಗಲಿಕ್ಕೆ ಒಂದು ಜಾಗ" ಎಂದುಬಿಟ್ಟ.

ಸಿದ್ದಣ್ಣ ನಗಲಿಲ್ಲ. ಏಳನೆಯ ಮಹಡಿಯ ಮೇಲೆ ಅವನೂ ಅದೇ ಕಷ್ಟಪಟ್ಟವನು. "ಹೆಣ್ಮಕ್ಕಳಿಗೂ ಒಂದು ಬೇಕ್ರೀ" ಎಂದಳು ಹನುಮವ್ವ. ಬಸ್ಸು ನಿಲ್ಲುವಲ್ಲಿ ತನ್ನ ತೋಟದ ಮೂಲೆಯನ್ನು ಬಿಟ್ಟುಕೊಡುತ್ತೇನೆ ಎಂದರು ಕಾನ್ಸೆಪ್ಟಾ ಬಾಯಿ. "ಫೋನಿನಲ್ಲಿ ಮಾಡಿದ ಪಾಪಕ್ಕೆ" ಎಂದು ಸೇರಿಸಿದರು.

ಐದು ಭಾನುವಾರಗಳಲ್ಲಿ ಕೆಂಪುಕಲ್ಲಿನ ಎರಡು ಕೋಣೆಗಳು ಎದ್ದವು. ಅಂಗಾರ ಕಲ್ಲು ಹೊತ್ತ. ಬೀಗರು ಬಾಗಿಲು ಕೊಡಿಸಿದರು. ಗುಣವತಿ ಎಲ್ಲರಿಗೂ ಊಟ ಹಾಕಿದಳು. ಪ್ರತಿ ಅರ್ಧ ಗಂಟೆಗೊಮ್ಮೆ ಶೇಖರ ಕೊಡಪಾನ ಹಿಡಿದು ಬಂದು, "ಸಿದ್ದಣ್ಣ, ನೀರು" ಎಂದು ಲೋಟ ಖಾಲಿಯಾಗುವವರೆಗೆ ಎದುರಿಗೇ ನಿಲ್ಲುತ್ತಿದ್ದ.

ಉದ್ಘಾಟನೆಯ ದಿನ ಬಸ್ಸಿನವರೆಲ್ಲ ಸೇರಿದರು. ಸೆಲೀನ್ ಸಿಸ್ಟರ್ ಕೂಡ ರಜೆ ಹಾಕಿ ಬಂದರು. ರಿಬ್ಬನ್ ಕತ್ತರಿಸುವವರು ಯಾರು ಎಂದು ಚರ್ಚೆಯಾದಾಗ ಸಿದ್ದಣ್ಣ, "ರಿಬ್ಬನ್ ಯಾಕ್ರೀ? ಮೊದಲು ಉಪಯೋಗ ಮಾಡಿದವರೇ ಉದ್ಘಾಟನೆ ಮಾಡಿದಂಗ" ಎಂದ. ಎಲ್ಲರೂ ಶೇಖರನನ್ನು ಮುಂದೆ ನೂಕಿದರು. ಅವನು ಮಾತಾಡಬೇಕೆಂದು ಒತ್ತಾಯ ಬಂತು.

ಶೇಖರ ಎಲ್ಲರ ಮುಖ ನೋಡಿದ. "ನನಗೆ ರೋಗ ಇಲ್ಲದಾಗಲೂ ನೋಡಲಿಕ್ಕೆ ಬಂದವರು ನೀವು" ಎಂದ. ಕೈ ಮುಗಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಹೊರಗೆ ಮೂವತ್ತು ಮಂದಿ ಉಸಿರು ಬಿಗಿಹಿಡಿದು ನಿಂತರು. ಒಂದು ನಿಮಿಷವಾಯಿತು. ಎರಡು ನಿಮಿಷವಾಯಿತು. ಅಂಗಾರ ಟೈಮಿಂಗ್ ನೋಡಿಕೊಂಡ. ಕಾನ್ಸೆಪ್ಟಾ ಬಾಯಿ ಬಾಗಿಲಿಗೆ ಕಿವಿ ಕೊಟ್ಟು, ಕಳವಳದಿಂದ ಹನುಮವ್ವನ ಕೈ ಹಿಡಿದುಕೊಂಡರು.

ಒಳಗಿನಿಂದ ಶೇಖರನ ದೀನ ಸ್ವರ ಕೇಳಿತು: "ನಿಮ್ಮ ಉಪಕಾರ ಸಾಯುವವರೆಗೆ ಮರೆಯುವುದಿಲ್ಲ. ಈಗೊಂದು ಐದು ನಿಮಿಷ ಎಲ್ಲರೂ ಸ್ವಲ್ಪ ದೂರ ಹೋಗಿ ಮಾರಾಯ್ರೆ!"